ಏಳನೆಯ ಇಯತ್ತೆಯ ಒಡಪು

ವಿಲೆ ಪಾರ್ಲೆ, ಮುಂಬಯಿ
ಶನಿವಾರ, ೧೬ ಮಾರ್ಚ್ ೧೯೫೭

ಮಾತೃಶ್ರೀ ಅವ್ವನ ಪಾದಗಳಿಗೆ ನಿನ್ನ ಚನ್ನವ್ವನ ಶರಣು ಶರಣಾರ್ಥಿ.

ನಾನು ಇಲ್ಲಿ ಅರಾಮ ಇದ್ದೇನೆ, ನೀವೂ ಅಲ್ಲಿ ಅರಾಮ ಇದ್ದೀರಿ ಅಂತ ತಿಳಿದಿದ್ದೇನೆ. ಶಾಸ್ತ್ರದ ಮಾತು ಇಷ್ಟಕ್ಕೇ ಸಾಕು ಅವ್ವಾ, ಯಾಕೆಂದರೆ ಇವತ್ತು ನನ್ನ ಹೊಟ್ಟೆಯಲ್ಲಿ ಸುದ್ದಿ ನಿಲ್ಲುತ್ತಿಲ್ಲ.

ಈರಣ್ಣಾ, ಈ ಪತ್ರವನ್ನು ಅವ್ವನಿಗೆ ಓದಿ ಹೇಳುವವನು ನೀನೇ ಅಂತ ಗೊತ್ತು. ನಿನ್ನ ಚಾಳಿಯೂ ಗೊತ್ತು. ನಾಲ್ಕು ಸಾಲು ಓದಿ, ಆರು ಸಾಲು ಹಾರಿಸಿ, "ಎಲ್ಲಾ ಅರಾಮ ಅಂತ ಬರದಾಳ ನೋಡವಾ" ಅಂತ ಮಡಚಿ ಇಟ್ಟುಬಿಡುತ್ತೀ. ಇವತ್ತು ಹಾಗೆ ಮಾಡಿದರೆ ನನ್ನ ಆಣೆ ಐತಿ. ಕೊನೆಯ ಹಾಳೆ ಮೊದಲು ತಿರುವಿ ನೋಡುವುದೂ ಬೇಡ. ಅಣ್ಣನಾದವನಿಗೆ ಸ್ವಲ್ಪ ತಾಳ್ಮೆ ಇರಲಿ.

ನೀನು ಹೋದ ತಿಂಗಳು ಬರೆದದ್ದು ನನಗೆ ಬಾಯಿಪಾಠ ಆಗಿದೆ. ಏಳನೆಯ ಇಯತ್ತೆ ಮುಚ್ಚಿದರೆ ಮುಂಬಯಿಯಲ್ಲಿ ನಿನಗೇನು ಕೆಲಸ, ಬಂದುಬಿಡು, ವೈಶಾಖದಲ್ಲಿ ನನ್ನ ಲಗ್ನ ಐತಿ, ಅದೇ ಹಂದರದಾಗ ನಿನ್ನದೂ ಆಗಲಿ, ಸವದತ್ತಿ ಕಡೆಯ ವರ ನೋಡಿದ್ದೀವಿ ಅಂತ ಬರೆದಿದ್ದಿ. ವರನ ಹೊಲ ಎಷ್ಟು, ಎತ್ತು ಎಂಥವು ಅಂತೆಲ್ಲ ಬರೆದಿ. ಅವನ ಹೆಸರನ್ನೇ ಬರೆಯಲಿಲ್ಲ. ಅದನ್ನು ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ಆದರೆ ಏನಂತ ಉತ್ತರ ಕೊಡಲಿ? ವರ್ಗ ಉಳಿಯುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ.

ಅವ್ವಾ, ನಿನಗೆ ಮೊದಲಿನಿಂದ ಹೇಳುತ್ತೇನೆ. ನಾನು ಕಲಿಸುವ ಈ ಕನ್ನಡ ಸಂಘದ ಶಾಲೆಗೆ ಆರನೆಯ ಇಯತ್ತೆಯವರೆಗೆ ಮಾತ್ರ ಅನುಮತಿ ಇತ್ತು. ಈ ವರ್ಷ ಏಳನೆಯದನ್ನು ನಡೆಸಿ ತೋರಿಸಿ, ಆಮೇಲೆ ನೋಡೋಣ ಅಂತ ಸರ್ಕಾರದವರು ಅಂದಿದ್ದರು. ಇನ್ಸ್‌ಪೆಕ್ಟರ್ ಸಾಹೇಬರು ಬಂದು ಮಕ್ಕಳನ್ನು ಕೇಳಬೇಕು, ಕಲಿತಿದ್ದಾರೆ ಅಂತ ಅವರು ಬರೆದರೆ ವರ್ಗ ಕಾಯಂ, ಇಲ್ಲದಿದ್ದರೆ ಬೀಗ. ಬೀಗ ಬಿದ್ದರೆ ಗಂಡುಹುಡುಗರು ಲೋಕಲ್ ಹತ್ತಿ ದೂರದ ಶಾಲೆಗೆ ಹೋದಾರು. ಹೆಣ್ಣುಮಕ್ಕಳನ್ನು ಆ ಗರ್ದಿಯಲ್ಲಿ ಯಾರು ಕಳಿಸುತ್ತಾರೆ? ಆರನೇದು ಆತಲ್ಲ, ಇನ್ನ ರೊಟ್ಟಿ ಬಡಿಯೂದು ಕಲೀಲಿ ಅನ್ನುತ್ತಾರೆ. ಮೇಲಾಗಿ ಹೋದ ದೀಪಾವಳಿಯ ಹೊತ್ತಿಗೆ ರಾಜ್ಯಗಳು ಬೇರೆಯಾದಾಗಿನಿಂದ ಸಿಕ್ಕಸಿಕ್ಕವರೆಲ್ಲ, ನಿಮ್ಮ ರಾಜ್ಯ ನಿಮಗೆ ಬಂತಲ್ಲ, ಇಲ್ಲಿ ಇನ್ನೂ ಕನ್ನಡ ಶಾಲೆ ಯಾಕೆ ಅಂತ ಕೇಳುವವರೇ ಆಗಿದ್ದಾರೆ.

ನನ್ನ ವರ್ಗದ ಅರ್ಧ ಮಕ್ಕಳು ನಮ್ಮ ಕಡೆಯವರು, ನನ್ನನ್ನು "ಅಕ್ಕೋರ" ಅಂತಾರೆ. ಇನ್ನರ್ಧ ಉಡುಪಿ ಮಂಗಳೂರಿನ ಹೋಟೆಲಿನವರ ಮಕ್ಕಳು, "ಟೀಚರ್" ಅಂತಾರೆ. ಎರಡೂ ಗುಂಪು ತಮ್ಮತಮ್ಮೊಳಗೆ ಜಗಳಾಡುವುದು ಮಾತ್ರ ಹಿಂದಿಯಲ್ಲಿ. ಇಂಥವರಿಗೆ ಉಪಮೆ, ರೂಪಕ, ಅತಿಶಯೋಕ್ತಿ, ಪ್ರಾಸ ಕಲಿಸಬೇಕಿತ್ತು. ಪುಸ್ತಕದಲ್ಲಿದ್ದ ವ್ಯಾಖ್ಯೆಯನ್ನು ಎಲ್ಲರೂ ಮಂತ್ರದಂತೆ ಒಪ್ಪಿಸಿದರು. ಉದಾಹರಣೆ ಕೊಡಿ ಅಂದರೆ "ಮುಖವು ಕಮಲದಂತಿದೆ" ಅಂತ ಇಡೀ ವರ್ಗವೇ ಕೂಗಿತು. ಕಮಲ ಎಲ್ಲಿ ನೋಡಿದ್ದೀರಿ ಅಂತ ಕೇಳಿದೆ. ಕ್ಯಾಲೆಂಡರಿನಲ್ಲಿ ಲಕ್ಷ್ಮಿಯ ಕಾಲಕೆಳಗೆ ಅಂದರು! ನನಗೆ ಮೈಯೆಲ್ಲ ಉರಿಯಿತು. ಕಂಡೇ ಇಲ್ಲದ ಹೂವಿಗೆ ಮುಖವನ್ನು ಹೋಲಿಸಿ ಏನು ಪುಣ್ಯ?

ಆವತ್ತು ನಿನ್ನ ನೆನಪಾಯಿತು. ಬೀಸುವ ಕಲ್ಲಿನ ಮುಂದೆ ಕೂತು ನೀನು ಒಡಪು ಹೇಳುತ್ತಿದ್ದೆ, ಪಡಸಾಲೆಯಲ್ಲಿ ಅಪ್ಪ ಕೇಳಿಸದವನಂತೆ ಮೀಸೆ ತಿರುವುತ್ತಿದ್ದ. ಬೈಲಹೊಂಗಲದ ಯಾವ ಮದುವೆಯಲ್ಲೂ ನಿನ್ನಷ್ಟು ಚಂದ ಹೆಸರು ಹೇಳಿದವರನ್ನು ನಾನು ಕಂಡಿಲ್ಲ. ಮರುದಿನ ವರ್ಗಕ್ಕೆ ಹೋದವಳೇ ಪುಸ್ತಕ ಮುಚ್ಚಿಸಿದೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿಬಾಯಿಯಲ್ಲಿ ಹೇಳುವಂತಿಲ್ಲ, ಪ್ರಾಸ ಕಟ್ಟಿ ಹಾಡಿನಂತೆ ಮಾಡಿ, ಕೊನೆಗೆ ಹೆಸರು ಸೇರಿಸಿ ಹೇಳಬೇಕು, ಅದಕ್ಕೆ ಒಡಪು ಅಂತಾರೆ ಅಂತ ಕರಾವಳಿ ಮಕ್ಕಳಿಗೆ ತಿಳಿಸಿದೆ. ಆಮೇಲೆ ನಿನ್ನದನ್ನೇ ಹೇಳಿದೆ:

ಹುಣ್ಣಿಮಿ ಚಂದ್ರ ಕಂಡ್ಹಾಂಗ ಹೊಲದಾಗ ಜ್ವಾಳದ ತೆನಿ,
ಶಿವಲಿಂಗಪ್ಪನವರ ಹೆಸರ ಹೇಳಿ ತುಂಬತೀನಿ ಮನಿ.

ಇಲ್ಲಿ ಉಪಮೆ ಎಲ್ಲಿದೆ ಅಂತ ಕೇಳಿದೆ. "ಕಂಡ್ಹಾಂಗ ಅಂದಲ್ಲಿ ರೀ!" ಅಂತ ಒಮ್ಮೆಲೇ ನಾಲ್ಕು ಕೈ ಮೇಲೆದ್ದವು. "ತೆನಿ, ಮನಿ" ಪ್ರಾಸ ಅಂತ ಇನ್ನೊಬ್ಬಳು ಕೂಗಿದಳು. ಆಮೇಲೆ ನಿನ್ನ "ಬಂಗಾರದ ಬಳಿ ಯಾಕ, ಬೆವರೇ ನಮಗ ಮುತ್ತು" ಹೇಳಿದೆ. ಮುತ್ತಿನ ಹಾಂಗ ಅನ್ನಲಿಲ್ಲ, ಬೆವರೇ ಮುತ್ತು ಅಂದಳು ನಮ್ಮವ್ವ, ಇದು ರೂಪಕ ಅಂದೆ. ಅತ್ತಿ ಮಾಡಿದ ಹೋಳಿಗಿ ಗಾಳಿಗೆ ಹಾರಿ ಮುಗಿಲು ಮುಟ್ಟಿದ ನಿನ್ನ ಇನ್ನೊಂದು ಒಡಪನ್ನು ಹೇಳಿದಾಗಲಂತೂ ಮಕ್ಕಳು ಬೆಂಚು ಬಡಿದು ನಕ್ಕರು. ಅತಿಶಯೋಕ್ತಿ ಅಂದರೇನು ಅಂತ ನಾನು ಹೇಳಬೇಕಾಗಿಯೇ ಬರಲಿಲ್ಲ. ಅವ್ವಾ, ಆ ದಿನ ನೀನು ಮುಂಬಯಿಯಲ್ಲಿ ಪಾಠ ಮಾಡಿದಿ.

ಆದರೆ ಸುಖ ಹೆಚ್ಚು ದಿನ ಉಳಿಯಲಿಲ್ಲ. ನನ್ನ ವರ್ಗದಲ್ಲಿ ಶೀಲಾವತಿ ಅಂತ ಹುಡುಗಿ ಇದ್ದಾಳೆ, ಬಿಜಾಪುರದ ಕಡೆಯ ಮೆಣಸಿನಕಾಯಿ ವ್ಯಾಪಾರಿ ಗದಿಗೆಪ್ಪನವರ ಕಿರಿಯ ಮಗಳು. ಮಾತು ಅಂದರೆ ಮಾತು, ಹುರಿದ ಅರಳು ಸಿಡಿದಂತೆ. ಅವರ ಮನೆಗೆ ಹೊಸ ಸೊಸೆ ಬಂದಳು. ಹೆಂಗಸರೆಲ್ಲ ಸುತ್ತುವರಿದು ಹೆಸರು ಹೇಳು ಅಂದರೆ ಆ ಹುಡುಗಿ ನಾಚಿ ಸೆರಗು ಕಚ್ಚಿ ನಿಂತಳಂತೆ. ಶೀಲಾವತಿ ತಡೆಯಬೇಕಲ್ಲ! ನಾ ಹೇಳ್ತೀನಿ ಅಂತ ನಡುವೆ ನುಗ್ಗಿ, ಬೀಗರ ಮುಂದೆ, ಗಟ್ಟಿ ದನಿಯಲ್ಲಿ ಹೇಳಿಯೇಬಿಟ್ಟಳು:

ಗಿಡದ ತುಂಬ ಗಿಣಿ ಹಾಂಗ ಕುಂತಾವ ಪೇರಲ ಹಣ್ಣು,
ಹೆಸರ ಹೇಳಂದ್ರ ಹೇಳತೀನಿ, ನಮ್ಮ ವರ್ಗದ ಅಣ್ಣು!

ಅಣ್ಣು ಅಂದರೆ ಅವಳ ಹಿಂದಿನ ಬೆಂಚಿನ ಹುಡುಗ, ಸಾಂತಾಕ್ರೂಜ್ ಸ್ಟೇಷನ್ ಎದುರು ಹೋಟೆಲಿಟ್ಟ ಕೊರಗಪ್ಪನವರ ಮಗ. ಅವಳಿಗೆ ಬೇಕಾಗಿದ್ದು "ಹಣ್ಣು" ಅನ್ನುವುದಕ್ಕೆ ಒಂದು ಪ್ರಾಸ, ಅಷ್ಟೇ. ಆದರೆ ನಮ್ಮ ಜನಕ್ಕೆ ಗೊತ್ತಲ್ಲ ಅವ್ವಾ, ಒಡಪಿನ ಆ ಜಾಗದಲ್ಲಿ ಯಾವ ಹೆಸರು ಕೂರುತ್ತದೆ ಅಂತ! ಹೊಸ ಸೊಸೆ ಬಾಯಿಗೆ ಕೈ ಇಟ್ಟಳು, ಬೀಗತಿ ಎದ್ದು ನಿಂತಳು, ಶೀಲಾವತಿಯ ಬೆನ್ನಿಗೆ ಅವಳವ್ವನ ಗುದ್ದು ಬಿತ್ತು.

ಮರುದಿನ ಗದಿಗೆಪ್ಪನವರು ಶಾಲೆಗೆ ಬಂದ ರಭಸ ನೋಡಬೇಕಿತ್ತು. "ಅಕ್ಕೋರ, ನಿಮ್ಮನ್ನ ಕಲಸಾಕ ಇಟ್ಟೀವಿ. ಲಗ್ನ ಆಗದ ಹುಡಿಗ್ಯಾರ ಬಾಯಾಗ ಗಂಡನ ಹೆಸರ ತುರಕಾಕ ಅಲ್ಲ!" ಅಂತ ಗುಡುಗಿದರು. ಕೊರಗಪ್ಪನವರನ್ನೂ ಹೋಟೆಲಿನಿಂದ ಕರೆಸಿದರು. ಆ ಮನುಷ್ಯನಿಗೆ ಏನೂ ತಿಳಿಯಲೊಲ್ಲದು. "ಎಂತ ಆಯ್ತು ಮಾರಾಯ್ರೆ? ಹುಡುಗಿ ಹೆಸರು ಹೇಳಿದ್ದಲ್ವಾ, ಬೈದದ್ದಲ್ಲವಲ್ಲ?" ಅಂದರು. ಗದಿಗೆಪ್ಪನವರು, "ಹೆಸರ ಹೇಳೂದಂದ್ರ ಅರ್ಧಾ ಲಗ್ನ ಆದ್ಹಾಂಗ ರೀ!" ಅಂದರು. ಕೊರಗಪ್ಪನವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, "ಉಳಿದ ಅರ್ಧಕ್ಕೆ ನಮ್ಮವನನ್ನು ಕೇಳಬೇಕಲ್ಲ? ಅವನಿಗೆ ಗೋಲಿ ಆಡ್ಲಿಕ್ಕೇ ಪುರುಸೊತ್ತಿಲ್ಲ" ಅಂದರು. ಈರಣ್ಣಾ, ನಗಬೇಡ, ನಾನೂ ನಕ್ಕಿರಲಿಲ್ಲ. ತುಟಿ ಕಚ್ಚಿಕೊಂಡು ನಿಂತಿದ್ದೆ.

ನಮ್ಮ ಹೆಡ್‌ಮಾಸ್ತರರು ಸದಾನಂದರು ಒಳ್ಳೆಯವರು, ಆದರೆ ಗಾಳಿಗೆ ಬಾಗಿಲು ಬಡಿದರೂ ಬೆಚ್ಚುವ ಜೀವ. "ಪುಸ್ತಕದಲ್ಲಿ ಉಂಟಲ್ಲ ಟೀಚರೇ, ಅದನ್ನೇ ಹೇಳಿಕೊಡಿ, ಮೇಲಿಂದ ಇದೆಲ್ಲ ಯಾಕೆ?" ಅಂದರು. ಗದಿಗೆಪ್ಪನವರೂ ಇರುವ ಸಂಘದ ಸಮಿತಿಯವರು ಕೂತು, ಇನ್ನು ವರ್ಗದಲ್ಲಿ ಒಡಪು ಕೂಡದು ಅಂತ ಗೊತ್ತುಮಾಡಿದರು. ಇನ್ಸ್‌ಪೆಕ್ಟರ್ ಬಂದುಹೋಗಲಿ, ನನ್ನ ವಿಚಾರ ಆಮೇಲೆ ಅಂತಲೂ ಮಾತಾಯಿತು. ಶೀಲಾವತಿಯ ಜಾಗ ಖಾಲಿ ಬಿತ್ತು.

ಅವ್ವಾ, ನಿನ್ನ ಮಗಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ನೀನೇ ಹೇಳುತ್ತಿದ್ದೆ. ನಾನು ನೆಟ್ಟಗೆ ಗದಿಗೆಪ್ಪನವರ ಮನೆಗೆ ಹೋದೆ. ಜಗಳ ಆಡಬೇಕು ಅಂತಲೇ ಹೋಗಿದ್ದೆ, ಆದರೆ ಒಳಗೆ ಒಲೆಯ ಮುಂದೆ ಕೂತು ಅಳುತ್ತಿದ್ದ ಆ ಹುಡುಗಿಯನ್ನು ಕಂಡು ಬುದ್ಧಿ ಬಂತು. ಗದಿಗೆಪ್ಪನವರಿಗೆ ಮೆತ್ತಗೆ ಹೇಳಿದೆ: ಈಗ ನೀವು ಹುಡುಗಿಯನ್ನು ಮನೆಯಲ್ಲಿ ಕೂರಿಸಿದರೆ, ಏನೋ ಇತ್ತು, ಅದಕ್ಕೇ ಬಿಡಿಸಿದರು ಅಂತ ಚಾಳಿನ ಅಷ್ಟೂ ಮನೆಯವರು ಆಡಿಕೊಳ್ಳುತ್ತಾರೆ. ನಾಳೆಯೇ ಕಳಿಸಿದರೆ, ಹುಡುಗಾಟದ ಮಾತು ಅಂತ ವಾರದಲ್ಲಿ ಮರೆಯುತ್ತಾರೆ. ಅವರು ಬಹಳ ಹೊತ್ತು ಅಡಿಕೆ ಕತ್ತರಿಸಿದರು. ಕಡೆಗೆ, "ಕಳಸ್ತೀನಿ. ಆದ್ರ ಇನ್ನೊಂದ ಸಲ ಇಕಿ ಬಾಯಾಗ ಒಡಪ ಬಂತು ಅಂದ್ರ ಅವತ್ತಿಗೆ ಸಾಲಿ ಬಂದ್" ಅಂದರು. ನಾನು ಹೂಂ ಅಂದೆ. ಹಿಂದಿರುಗುವಾಗ ದಾರಿಯಲ್ಲಿ ಅತ್ತುಬಿಟ್ಟೆ, ಇದನ್ನು ನಿನಗೆ ಆಗ ಬರೆಯಲಿಲ್ಲ.

ಒಡಪು ಹೋಯಿತು, ಮಕ್ಕಳ ಕಣ್ಣು ಹೋಗಲಿಲ್ಲವಲ್ಲ! ದಿನಾ ಕಿಟಕಿ ತೆರೆದಿಟ್ಟು, ಕಂಡದ್ದನ್ನು ಕಂಡದ್ದಕ್ಕೆ ಹೋಲಿಸಿ ಅಂದೆ. ಲೋಕಲ್ ಗಾಡಿ, ವಿಮಾನ, ಮೀನು ಮಾರುವ ಬೆಸ್ತರ ಹೆಂಗಸು, ಬಿಸ್ಕೀಟಿನ ಕಾರ್ಖಾನೆಯ ವಾಸನೆ, ಏನನ್ನೂ ಬಿಡಲಿಲ್ಲ. ಸದಾನಂದ ಮಾಸ್ತರರು ಬಾಗಿಲಲ್ಲಿ ಇಣುಕಿ, ಹೆಸರು ಗಿಸರು ಇಲ್ಲ ತಾನೆ ಅಂತ ಕೇಳಿಕೊಂಡು ಹೋಗುತ್ತಿದ್ದರು.

ಮೊನ್ನೆ ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಬಿಳಿ ಕೂದಲಿನ, ನಿಧಾನ ಮಾತಿನ ದೊಡ್ಡವರು. ಹಿಂದೆ ಗೋಡೆಗೆ ಒತ್ತಿ ಹಾಕಿದ ಕುರ್ಚಿಗಳಲ್ಲಿ ಸಮಿತಿಯವರು, ಅವರ ನಡುವೆ ಗದಿಗೆಪ್ಪನವರು. ಸಾಹೇಬರು ವ್ಯಾಖ್ಯೆ ಕೇಳಿದರು, ಮಕ್ಕಳು ಪಟಪಟ ಹೇಳಿದರು. ಸದಾನಂದ ಮಾಸ್ತರರ ಮುಖ ಅರಳಿತು. ಆಗ ಸಾಹೇಬರು, ಇದು ಪುಸ್ತಕದ ಮಾತಾಯಿತು, ಈಗ ನಿಮ್ಮ ಮಾತು ಹೇಳಿ, ಉಪಮೆಗೂ ರೂಪಕಕ್ಕೂ ಏನು ವ್ಯತ್ಯಾಸ ಅಂದರು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಅಣ್ಣು ಎದ್ದ ಅವ್ವಾ! ಗೋಲಿಯ ಅಣ್ಣು! "ಲೋಕಲ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂತ್ರೆ ಉಪಮೆ ಸರ್. ಒಂದೇ ಸೀಟಲ್ಲಿ ಇಬ್ಬರೂ ಕೂತ್ರೆ ರೂಪಕ" ಅಂದ. ಸಾಹೇಬರು ಕನ್ನಡಕ ತೆಗೆದರು. ಉದಾಹರಣೆ ಕೊಡು ಅಂದರು. "ನಮ್ಮಪ್ಪನ ನೀರುದೋಸೆ ಮಲ್‌ಮಲ್ ಬಟ್ಟೆಯ ಹಾಗೆ, ಇದು ಉಪಮೆ. ನಮ್ಮಪ್ಪ ಕಾವಲಿಯ ಮೇಲೆ ಮಲ್‌ಮಲ್ ಹಾಸ್ತಾರೆ, ಇದು ರೂಪಕ" ಅಂತ ಹೇಳಿ ಕೂತ. ಅತಿಶಯೋಕ್ತಿಗೆ ಸೇವಂತಿ ಅನ್ನುವ ಹುಡುಗಿ ಎದ್ದು, ನಮ್ಮ ಚಾಳಿನ ನಳಕ್ಕೆ ನೀರು ಬರುವಷ್ಟರಲ್ಲಿ ಬಿಂದಿಗೆ ಹಿಡಿದು ನಿಂತವಳಿಗೆ ಮೊಮ್ಮಕ್ಕಳಾಗಿರ್ತಾರೆ ಅಂದಳು. ಸಾಹೇಬರು ನಕ್ಕರು, ಸಮಿತಿಯವರೂ ನಕ್ಕರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು ಅಂದುಕೊಂಡೆ. ಆದರೆ ಸಾಹೇಬರು ಶೀಲಾವತಿಯ ಕಡೆ ಬೆರಳು ತೋರಿಸಿ, ಪ್ರಾಸ ಇರುವ ಎರಡು ಸಾಲು ನೀನೇ ಕಟ್ಟಿ ಹೇಳಮ್ಮ ಅಂದರು. ಅವಳು ಎದ್ದಳು. ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಪ್ರಾಸ ಅಂದರೆ ಆ ಹುಡುಗಿಗೆ ಬರುವುದು ಒಡಪು ಒಂದೇ ಅಂತ ನನಗೆ ಗೊತ್ತು, ಗದಿಗೆಪ್ಪನವರಿಗೂ ಗೊತ್ತು. ಬಾಯಿ ಬಿಟ್ಟರೆ ಸಾಲಿ ಬಂದ್, ಬಿಡದಿದ್ದರೆ ಹುಡುಗಿಗೆ ಏನೂ ಬರುವುದಿಲ್ಲ ಅಂತ ಆಗುತ್ತದೆ. ಬೇಡವೇ, ಬೇರೆ ಏನಾದರೂ ಹೇಳು ಅಂತ ನಾನು ಒಳಗೊಳಗೇ ಬಸವಣ್ಣನಿಗೆ ಹರಕೆ ಹೊತ್ತೆ.

ಅವಳು ಕೈ ಕಟ್ಟಿಕೊಂಡು, ತಲೆ ಎತ್ತಿ, ಹೆಸರು ಹೇಳಲು ಹೊಸಿಲ ಮೇಲೆ ನಿಂತ ಸೊಸೆಯ ಠೀವಿಯಲ್ಲಿ ಹೇಳಿದಳು:

ಪಾರ್ಲೆ ಸ್ಟೇಷನ್ನಿಗೆ ಲೋಕಲ್ ಬಂದ್ಹಾಂಗ ಬಂದೈತಿ ನನ್ನ ಸರತಿ,
ಏಳನೇ ಇಯತ್ತೆ ಓದಾಕಿ ಹೆಸರ ಕೇಳ್ರಿ, ಗದಿಗೆಪ್ಪನ ಮಗಳು ಶೀಲಾವತಿ!

ಅವ್ವಾ, ತನ್ನ ಹೆಸರು! ಆ ಜಾಗದಲ್ಲಿ ತನ್ನದೇ ಹೆಸರು ಇಟ್ಟಳು! ನಮ್ಮಜ್ಜಿ, ಮುತ್ತಜ್ಜಿ, ನೀನು, ಯಾರಾದರೂ ಆ ಜಾಗದಲ್ಲಿ ಹೆಂಗಸಿನ ಹೆಸರು ಕೇಳಿದ್ದೀರಾ? ಸದಾನಂದ ಮಾಸ್ತರರು ಕುರ್ಚಿಯ ಕೈ ಹಿಡಿದುಕೊಂಡರು. ಎಲ್ಲರೂ ಗದಿಗೆಪ್ಪನವರ ಕಡೆ ತಿರುಗಿದರು. ಅವರು ಎದ್ದು ನಿಂತರು, ರುಮಾಲು ಸರಿ ಮಾಡಿಕೊಂಡರು, ಗಂಟಲು ಕೆರೆದರು. "ಇನ್ನೊಮ್ಮಿ ಹೇಳ ಮಗಳ. ಜೋರ ಹೇಳು, ಹಿಂದ ಕುಂತಾವ್ರಿಗೆ ಕೇಳಲಿಲ್ಲ" ಅಂದರು!

ಅವಳು ಇನ್ನೊಮ್ಮೆ ಹೇಳಿದಳು, ಹೊರಗೆ ರಸ್ತೆಯಲ್ಲಿ ಹೋಗುವವರಿಗೂ ಕೇಳುವಂತೆ. ಸಾಹೇಬರು ಬಿಡಲಿಲ್ಲ, ಇದರಲ್ಲಿ ಅಲಂಕಾರ ಯಾವುದು ಅಂದರು. "ಬಂದ್ಹಾಂಗ ಅಂದೀನಲ್ರೀ, ಉಪಮೆ." ಅದನ್ನೇ ರೂಪಕ ಮಾಡು ನೋಡೋಣ ಅಂದರು. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ನನ್ನ ಸರತಿನೇ ಲೋಕಲ್ ಗಾಡಿ ರೀ. ಹತ್ತಾವ್ರು ಹತ್ರಿ, ಅದು ಯಾರಿಗೂ ನಿಲ್ಲೂದಿಲ್ಲ" ಅಂದಳು. ಸಾಹೇಬರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಕೋಣೆ ತಟ್ಟಿತು. ಗದಿಗೆಪ್ಪನವರು ಪಕ್ಕದವರಿಗೆ, ಅವರೆಲ್ಲ ಮೊದಲೇ ಬಲ್ಲ ಮಾತನ್ನೇ, ಇಕಿ ನನ್ನ ಮಗಳು ರೀ, ನನ್ನ ಮಗಳು ಅಂತ ಹೇಳುತ್ತಲೇ ಇದ್ದರು.

ಇವತ್ತು ಬೆಳಗ್ಗೆ ಹುಕುಂ ಬಂತು. ಏಳನೆಯ ಇಯತ್ತೆ ಕಾಯಂ! ಮಕ್ಕಳು ಅಲಂಕಾರಗಳನ್ನು ತಮ್ಮ ಬದುಕಿನಿಂದ ಕಲಿತಿದ್ದಾರೆ, ಕಲಿಸಿದ ರೀತಿಯನ್ನೇ ಮುಂದುವರಿಸತಕ್ಕದ್ದು ಅಂತ ಸಾಹೇಬರು ಬರೆದಿದ್ದಾರೆ. ಸದಾನಂದ ಮಾಸ್ತರರು ಅದನ್ನು ಓದುವಾಗ ಎರಡು ಸಲ ಕನ್ನಡಕ ಒರೆಸಿಕೊಂಡು, "ಒಡಪು ಮುಂದುವರಿಸಬೇಕಂತೆ ಟೀಚರೇ, ಸರ್ಕಾರವೇ ಹೇಳಿದೆ" ಅಂದರು. ಕೊರಗಪ್ಪನವರು ಇಡೀ ಶಾಲೆಗೆ ಜಿಲೇಬಿ ಕಳಿಸಿದರು. ನನ್ನ ನೌಕರಿಯೂ ಕಾಯಂ ಅವ್ವಾ. ಬರುವ ವರ್ಷ ಏಳನೆಯದಕ್ಕೆ ಹೊಸದಾಗಿ ಹೆಣ್ಣುಮಕ್ಕಳು ಹೆಸರು ಹಚ್ಚಿದ್ದಾರೆ, ಕಾಂದಿವಲಿಯಿಂದ ಕೂಡ ಒಬ್ಬಳು ಬರುತ್ತಾಳೆ, ಅವಳನ್ನು ದಿನಾ ಸ್ಟೇಷನ್ನಿನಿಂದ ಕರೆತರುವವಳು ನಾನೇ. ಗೆದ್ದೆವು ಅವ್ವಾ, ಗೆದ್ದುಬಿಟ್ಟೆವು!

ಈರಣ್ಣಾ, ನಿನ್ನ ಹಂದರದಾಗ ಒಂದೇ ಮದುವೆ ಸಾಕು. ನಾನು ವರನ ತಂಗಿಯಾಗಿ ರಜೆ ಹಾಕಿ ಬರುತ್ತೇನೆ, ಎಂಟು ದಿನ ಕುಣಿದಾಡುತ್ತೇನೆ, ತಿರುಗಿ ಪಾರ್ಲೆಗೆ ಬರುತ್ತೇನೆ. ಸವದತ್ತಿಯವರಿಗೆ ನಮಸ್ಕಾರ ತಿಳಿಸು. ಅವರ ಎತ್ತುಗಳಿಗೂ ತಿಳಿಸು.

ಅವ್ವಾ, ಕಾಲಿನ ನೋವಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಹಿರಿಯರಿಗೆ ಶರಣು, ಕಿರಿಯರಿಗೆ ಮುದ್ದು.

ನಿನ್ನ ಮಗಳು,
ಚನ್ನವ್ವ
ಏಳನೆಯ ಇಯತ್ತೆಯ ಅಕ್ಕೋರು (ಕಾಯಂ)

ತಾ. ಕ.: ಈರಣ್ಣಾ, ಇದನ್ನು ಮಾತ್ರ ಹತ್ತಿರ ಕೂತು, ನಿಧಾನವಾಗಿ ಅವ್ವನಿಗೆ ಓದು. ಅವ್ವಾ, ಅಪ್ಪ ತೀರಿಕೊಂಡ ಮೇಲೆ ನಿನ್ನ ಬಾಯಲ್ಲಿ ಒಂದೇ ಒಂದು ಒಡಪು ಬಂದಿಲ್ಲ. ಗಂಡ ಇಲ್ಲದಾಕಿಗೆ ಯಾವ ಹೆಸರು ಅಂತ ಚಿಗವ್ವ ಅಂದಳು, ಅವತ್ತಿನಿಂದ ನೀನು ಮದುವೆ ಮನೆಗಳಲ್ಲಿ ಅಡಿಗೆಮನೆ ಬಿಟ್ಟು ಈಚೆ ಬರುವುದಿಲ್ಲ. ವೈಶಾಖದಲ್ಲಿ ಸೊಸೆ ಮನೆ ತುಂಬುವಾಗ ಬಾಗಿಲು ತಡೆಯುವ ಹಕ್ಕು ವರನ ತಂಗಿಯದು, ನನ್ನದು. ನಾನು ಮೊದಲು ನಿನ್ನನ್ನು ತಡೆಯುತ್ತೇನೆ. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಅಪ್ಪನ ಹೆಸರು ಹೇಳುತ್ತೀಯೋ, ರುದ್ರವ್ವ ಅಂತ ನಿನ್ನದನ್ನೇ ಹೇಳುತ್ತೀಯೋ, ಅದು ನಿನ್ನ ಇಚ್ಛೆ. ಜೋರಾಗಿ ಹೇಳು.